ಫೋನ್ ಎತ್ತಬೇಡಿ, ತಪಾಸಣೆ ನಡೀತಿದೆ

(ಬೆಂಗಳೂರಿನ ಒಂದು ತುರ್ತು ಕರೆಗಳ ಕಂಟ್ರೋಲ್ ರೂಮು. ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡಲು ಬಂದ ಸಾಹೇಬರ ಮುಂದೆ ಫೈಲು, ಗೋಡಂಬಿ ತಟ್ಟೆ. ಗೋಡಂಬಿಯ ಬಿಲ್ಲು ‘ಅಗ್ನಿಶಾಮಕ ಸಾಮಗ್ರಿ’ ಲೆಕ್ಕದಲ್ಲಿ ಪಾಸಾಗಿದೆ ಎಂಬುದು ನಮ್ಮ ನಮ್ಮಲ್ಲೇ ಇರಲಿ. ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿದೆ.)

ಆಪರೇಟರ್: ಸಾರ್, ಎತ್ಲಾ?

ಸಾಹೇಬರು: ತಡೀರಮ್ಮ. ಎತ್ತಿಬಿಟ್ರೆ ‘ಬಾಕಿ ಕರೆ’ ಕಾಲಂ ತುಂಬೋದು ಹೇಗೆ? ಪೊಲೀಸ್‌ಗೆ 100, ಬೆಂಕಿಗೆ 101, ಆಂಬುಲೆನ್ಸ್‌ಗೆ 108. ಈಗ ಎಲ್ಲಕ್ಕೂ ಸೇರಿ ಒಂದೇ 112 ಬಂದಿದೆ. ರಿಜಿಸ್ಟರ್ ಎಷ್ಟು?

ಮೇಲ್ವಿಚಾರಕ: ನಾಲ್ಕು ಸಾರ್. ಹಳೇವು ಮೂರು, ಹೊಸದೊಂದು.

ಸಾಹೇಬರು: ಭೇಷ್. ಬೇರೆ ತೊಂದರೆ?

ಆಪರೇಟರ್: ಮೊಬೈಲ್ ಪವರ್ ಬಟನ್ ಮೂರು ಸಲ ಒತ್ತಿದ್ರೆ ನಮಗೇ ಕರೆ ಬರುತ್ತಲ್ಲ ಸಾರ್, ಪ್ಯಾಂಟ್ ಜೇಬಲ್ಲೇ ಒತ್ಕೊಂಡುಬಿಡುತ್ತೆ. ನಿನ್ನೆ ಒಬ್ಬರ ಜೇಬಿಂದ ಸತ್ಯನಾರಾಯಣ ಕಥೆ ಪೂರ್ತಿ ಕೇಳ್ದೆ. ಪ್ರಸಾದ ಮಾತ್ರ ಬರಲಿಲ್ಲ.

ಸಾಹೇಬರು: (ಬರೆಯುತ್ತಾ) ಸಿಬ್ಬಂದಿಗೆ ಮನರಂಜನೆ... ಇದೆ. ಕರೆ ಮಾಡಿದವರ ವಿಳಾಸ?

ಆಪರೇಟರ್: ‘ಅಯ್ಯಂಗಾರ್ ಬೇಕರಿ ಪಕ್ಕ’ ಅಂತಾರೆ ಸಾರ್. ಬೇಕರಿ ಮೂಲೆಗೊಂದಿದೆ. ಪೊಲೀಸರ ಹೊಯ್ಸಳ ಗಾಡಿಯವರು ಒಂದೊಂದನ್ನೂ ನೋಡ್ಕೊಂಡು ಬರ್ತಾರೆ, ಖಾರಾ ಬನ್ ಸಮೇತ.

ಸಾಹೇಬರು: ಸರಿ, ನಾನೇ ಪರೀಕ್ಷೆಗೆ ಒಂದು ಕರೆ ಮಾಡ್ತೀನಿ. (ಮಾಡುತ್ತಾರೆ.) ಹಲೋ!

ಆಪರೇಟರ್: ನಮಸ್ಕಾರ, ಎಲ್ಲಿಂದ ಮಾತಾಡ್ತಿದ್ದೀರಿ?

ಸಾಹೇಬರು: ನಿಮ್ಮ ಎದುರಿಂದಲೇ ಕಣಮ್ಮ!

ಆಪರೇಟರ್: ಎದುರು ಅಂದ್ರೆ ಗೊತ್ತಾಗಲ್ಲ ಸಾರ್. ಹತ್ತಿರ ಯಾವುದಾದ್ರೂ ಬೇಕರಿ ಇದೆಯಾ?