ಡೀಸೆಲ್ ಭಾವ

ಮುಂಬಯಿಯ ಉಪನಗರಗಳಲ್ಲಿ ನಮ್ಮ ಊರಿನವರ ನಾಲ್ಕು ಮನೆ ಇದ್ದರೆ ಸಾಕು, ಅಲ್ಲೊಬ್ಬರು ಡೀಸೆಲ್ ಭಾವ ಇದ್ದೇ ಇರುತ್ತಾರೆ. ಡೊಂಬಿವಲಿಯಲ್ಲಿದ್ದಾರೆ, ಮೀರಾ ರೋಡಿನಲ್ಲಿದ್ದಾರೆ, ಭಾಂಡುಪಿನಲ್ಲಂತೂ ಸೊಸೈಟಿಗಿಬ್ಬರು. ವಯಸ್ಸು ಐವತ್ತರ ಆಸುಪಾಸು. ಬ್ಯಾಂಕಿನಲ್ಲೋ ಹೋಟೆಲಿನ ಗಲ್ಲಾದಲ್ಲೋ ಕೆಲಸ. ಕಿಸೆಯಲ್ಲಿ ಲೋಕಲ್ಲಿನ ಫಸ್ಟ್ ಕ್ಲಾಸ್ ಪಾಸು. ಸ್ವಂತ ಕಾರು ಇಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ತೆಗೆದುಕೊಳ್ಳುವವರು ಯಾರೇ ಆಗಲಿ, ಟೋಕನ್ ಕೊಡುವ ಮೊದಲು ವಿಷಯ ಇವರ ಕಿವಿಗೆ ಬೀಳಲೇಬೇಕು. ಬೀಳದಿದ್ದರೆ ಮುಂದಿನ ಗಣಪತಿಯವರೆಗೂ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೇಳಿಸಿಕೊಳ್ಳಬೇಕು: “ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಮಾರಾಯ.”

ಭಾವನಿಗೆ ಡೀಸೆಲ್ಲಿನ ಮೇಲಿನ ಭಕ್ತಿ ಹುಟ್ಟಿದ್ದು 2012ರಲ್ಲಿ. ಪೆಟ್ರೋಲಿನ ಬೆಲೆಯನ್ನು ಸರ್ಕಾರ 2010ರಲ್ಲೇ ಕೈಬಿಟ್ಟಿತ್ತು, ಡೀಸೆಲ್ಲನ್ನು ಮಾತ್ರ ಹಿಡಿದುಕೊಂಡಿತ್ತು. ಲೀಟರಿಗೆ ಮೂವತ್ತು ರೂಪಾಯಿಗೂ ಹೆಚ್ಚು ಅಂತರ. 2014ರ ಅಕ್ಟೋಬರಿನಲ್ಲಿ ಡೀಸೆಲ್ಲನ್ನೂ ಬಿಟ್ಟರು, ಅಂತರ ಕರಗುತ್ತ ಬಂತು. ಭಾವನ ಲೆಕ್ಕದಲ್ಲಿ ಮಾತ್ರ ಕರಗಲಿಲ್ಲ. “ಆ್ಯವರೇಜ್ ನೋಡು, ಆ್ಯವರೇಜ್” ಎನ್ನುತ್ತಾರೆ. ಸಿಎನ್‌ಜಿ ಹಾಕಿಸಿದರೆ ಇನ್ನೂ ಅಗ್ಗವಲ್ಲವೇ ಎಂದು ಬಿ ವಿಂಗಿನ ಶೆಟ್ರು ಒಮ್ಮೆ ಬಾಯಿ ಬಿಟ್ಟಿದ್ದರು. ಭಾವ ಅವರನ್ನು ಕನಿಕರದಿಂದ ನೋಡಿದರು. “ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿದರೆ ಊರಿನಿಂದ ಬರುವಾಗ ಹಲಸಿನಹಣ್ಣು ಎಲ್ಲಿಡುವುದು?” ಶೆಟ್ರ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಡೀಸೆಲ್ ಎಂದ ಮೇಲೆ ವಿಷಯ ಮುಗಿಯಬೇಕಿತ್ತು. ಭಾವನಿಗೆ ಅಲ್ಲಿಂದಲೇ ಶುರು. ಎಪ್ಪತ್ತೈದರದ್ದೋ, ತೊಂಬತ್ತರದ್ದೋ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಫಿಯೆಟ್‌ನವರು ಮಾಡಿದ 1.3 ಲೀಟರಿನ ಒಂದು ಡೀಸೆಲ್ ಎಂಜಿನ್ ಉಂಟು, ಸರಿಯಾಗಿ ಹೇಳಿದರೆ 1248 ಸಿಸಿ. ಫಿಯೆಟ್ ಅದನ್ನು ಮಲ್ಟಿಜೆಟ್ ಎಂದಿತು, ಟಾಟಾ ಕ್ವಾಡ್ರಾಜೆಟ್ ಎಂದಿತು, ಮಾರುತಿ ಡಿಡಿಐಎಸ್ ಎಂದಿತು. 2007ರಲ್ಲಿ ಸ್ವಿಫ್ಟಿಗೆ ಬಂದದ್ದು ಆಮೇಲೆ ಡಿಜೈರ್, ರಿಟ್ಜ್, ವಿಸ್ಟಾ, ಪುಂಟೊ, ಲೀನಿಯಾ ಎಂದು ಮನೆ ಮನೆಗೂ ಹೋಯಿತು. ದೇಶದ ರಾಷ್ಟ್ರೀಯ ಎಂಜಿನ್ ಎಂದು ತಮಾಷೆಗೆ ಕರೆಯುತ್ತಿದ್ದರು. ಬಿಎಸ್ 6 ನಿಯಮ ಬಂದ 2020ರಲ್ಲಿ ಅದರ ಕಾಲ ಮುಗಿಯಿತು. ಹಾಗಾಗಿ ಈಗ ಬೇಕೆಂದರೆ ಹಳೇ ಗಾಡಿಯಲ್ಲೇ ಹುಡುಕಬೇಕು. ಭಾವನ ಬಾಳಿಗೆ ಅರ್ಥ ಬಂದದ್ದೇ ಆ ವರ್ಷ.

ಸ್ವಿಫ್ಟ್, ಡಿಜೈರಿನಲ್ಲಿದ್ದದ್ದು ಎಪ್ಪತ್ತೈದು ಕುದುರೆಯದ್ದು. ಎರ್ಟಿಗಾ, ಸಿಯಾಜ್‌ಗೆ ಹಾಕಿದ್ದು ತೊಂಬತ್ತರದ್ದು. ಎಂಜಿನ್ ಅದೇ, ಬದಲಾದದ್ದು ಮುಖ್ಯವಾಗಿ ಟರ್ಬೊ. ಮೊದಲನೆಯದರ ಟರ್ಬೊ ಸ್ಥಿರ. ಎರಡನೆಯದರ ಒಳಗೆ ಸಣ್ಣ ರೆಕ್ಕೆಗಳಿದ್ದು ಹೊಗೆ ಬರುವ ದಾರಿಯನ್ನು ಹಿರಿದು ಕಿರಿದು ಮಾಡುತ್ತವೆ. ಭಾವ ಅದನ್ನು ವಿವರಿಸುವುದು ಅಡಿಕೆ ತೋಟದ ಪೈಪು ಹಿಡಿದು: ಬಾಯಿಗೆ ಹೆಬ್ಬೆರಳು ಅಡ್ಡ ಕೊಟ್ಟರೆ ಇದ್ದ ನೀರೇ ದೂರ ಚಿಮ್ಮುವುದಿಲ್ಲವಾ, ಹಾಗೆ. ಇದರಿಂದ ಎಪ್ಪತ್ತೈದರದ್ದು ಪೂರ್ತಿ ಎಳೆತಕ್ಕೆ ಬರುವುದು 2000 ಆರ್‌ಪಿಎಮ್ಮಿನಲ್ಲಾದರೆ ತೊಂಬತ್ತರದ್ದು 1750ಕ್ಕೇ ಬರುತ್ತದೆ. ಅಂದರೆ ಜಗಳ ಇರುವುದು ಹದಿನೈದು ಕುದುರೆ ಮತ್ತು ಇನ್ನೂರೈವತ್ತು ಸುತ್ತಿನದ್ದು. ಇಷ್ಟಕ್ಕಾಗಿ ಎರಡು ವಿಂಗುಗಳ ನಡುವೆ ಮಾತು ಬಿಟ್ಟ ಸೊಸೈಟಿ ನನಗೆ ಗೊತ್ತು.

ಘಾಟಕೋಪರಿನಿಂದ ಸಯನ್ ಮುಟ್ಟುವವರೆಗೆ ಟ್ರಾಫಿಕ್ಕಿನಲ್ಲಿ ಸೂಜಿ ಸಾವಿರದೈನೂರರ ಆಚೆ ಹೋದರೆ ಪುಣ್ಯ. ಅಲ್ಲಿ ಎರಡೂ ಟರ್ಬೊ ಒಂದೇ ನಿದ್ದೆಯಲ್ಲಿರುತ್ತವೆ. ಮೇಲಾಗಿ ಹೀಗೆ ಕುಂಟುತ್ತ ಓಡಿಸಿದರೆ ಆ ರೆಕ್ಕೆಗಳಿಗೆ ಮಸಿ ಹಿಡಿದು ಸಿಕ್ಕಿಕೊಳ್ಳುವುದೂ ಉಂಟು. ಇದು ಭಾವನಿಗೆ ತಿಳಿಯದ್ದಲ್ಲ. ಆದರೆ ಅವರ ಮನಸ್ಸು ಪೂರ್ವ ದ್ರುತಗತಿ ಹೆದ್ದಾರಿಯಲ್ಲಿ ಇರುವುದೇ ಇಲ್ಲ. ಅದು ಯಾವಾಗಲೂ ಮೇ ತಿಂಗಳಲ್ಲಿರುತ್ತದೆ: ಪನ್ವೇಲ್ ದಾಟಿ, ಮಹಾಡ್ ದಾಟಿ, ಕಶೇಡಿ ಘಾಟಿಯಲ್ಲಿ, ಏಳು ಜನ, ಎಸಿ ಹಾಕಿ, ಎದುರಿನ ಟ್ರಕ್ಕನ್ನು ಹಿಂದೆ ಹಾಕುವ ಕ್ಷಣದಲ್ಲಿ. “ಅಲ್ಲಿ ಪಿಕಪ್ ಸಿಗದಿದ್ದರೆ ಎಂತ ಮಾಡ್ತಿ?” ಎಂದು ಕೇಳುವಾಗ ಅವರ ಬಲಗಾಲು ಸೋಫಾದ ಕೆಳಗೆ ನಿಜವಾಗಿಯೂ ಒತ್ತುತ್ತದೆ. ಘಾಟಿಯಲ್ಲಿ ಈಗ ಸುರಂಗ ಆಗಿದೆ ಎಂದರೆ, “ಸುರಂಗ ಇರಲಿ, ಪರಶುರಾಮ ಘಾಟಿ ಉಂಟಲ್ಲ” ಎನ್ನುತ್ತಾರೆ. ಊರಿಗೆ ಅವರು ಹೋಗುವುದು ಮತ್ಸ್ಯಗಂಧಾ ರೈಲಿನಲ್ಲಿ.

ಭಾವನನ್ನು ಬರೀ ಬಾಯಿ ಎಂದುಕೊಳ್ಳಬೇಡಿ. ನಮ್ಮ ವಿಂಗಿನ ಹುಡುಗನೊಬ್ಬನಿಗೆ ಗಾಡಿ ನೋಡಲು ಒಂದು ಭಾನುವಾರ ಮೀರಾ ರೋಡಿಗೆ ಹೋದವರಲ್ಲಿ ನಾನೂ ಇದ್ದೆ. ಎರ್ಟಿಗಾ, ಎಂಎಚ್ 04 ಪಾಸಿಂಗ್, ಸಿಂಗಲ್ ಓನರ್. ಮಾಲೀಕ ಕೀಲಿ ತರುವ ಮೊದಲೇ ಭಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

“ಬಿಸಿ ಉಂಟಲ್ಲ?”

“ಬಿಸಿಲು, ಅಂಕಲ್” ಎಂದ ಮಾಲೀಕ. ಗಾಡಿ ನಿಂತಿದ್ದದ್ದು ಕಟ್ಟಡದ ಅಡಿಯ ಸ್ಟಿಲ್ಟ್ ಪಾರ್ಕಿಂಗಿನಲ್ಲಿ.

ಡೀಸೆಲ್ ಎಂಜಿನ್ನಿನ ಹಣೆಬರಹ ತಿಳಿಯುವುದು ಅದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ. ಮೊದಲೇ ಬಿಸಿ ಮಾಡಿಟ್ಟವನಿಗೆ ಮುಚ್ಚಿಡುವುದೇನೋ ಇರಬಹುದು. ಭಾವ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನು ತಲೆಕೆಳಗಾಗಿ ಬಾಯಿಯ ಮೇಲೆ ಇಟ್ಟರು. ಮುಚ್ಚಳ ಸುಮ್ಮನೆ ಕೂರಬೇಕಿತ್ತು, ಕುಣಿಯತೊಡಗಿತು. “ಬ್ಯಾಕ್ ಕಂಪ್ರೆಷನ್” ಎಂದು ನನ್ನ ಕಿವಿಯಲ್ಲಿ ಹೇಳಿದರು, ಎಂಜಿನ್ ಒಳಗೇ ಸವೆದಿದೆ ಎಂದರ್ಥ. ಆಮೇಲೆ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರು. ಹೊರಗಿದ್ದ ಭಾಗ ತೊಳೆದು ಚೊಕ್ಕಟವಾಗಿತ್ತು, ಒಳಗೆ ಸುತ್ತಿಕೊಂಡಿದ್ದ ತುದಿಯಲ್ಲಿ ಒಣಗಿದ ಕೆಸರಿನ ಗೆರೆ. ಯಾವ ಮಳೆಗಾಲವೋ, ಯಾವ ಸಬ್‌ವೇಯೋ, ಗಾಡಿ ಸೀಟಿನವರೆಗೂ ಮುಳುಗಿತ್ತು. ಹುಡುಗನ ಲಕ್ಷಗಳು ಉಳಿದವು.

ಇಲ್ಲಿಗೆ ನಿಲ್ಲಿಸಿದ್ದರೆ ಭಾವ ದೊಡ್ಡ ಮನುಷ್ಯ. ವಾಪಸು ಬರುವಾಗ ಲೋಕಲ್ಲಿನಲ್ಲಿ ಕೂತು ನಿಟ್ಟುಸಿರು ಬಿಟ್ಟರು: “ಮುಳುಗಿದ್ದು ಮುಳುಗಲಿ ಮಾರಾಯ, ಟರ್ಬೊ ಮಾತ್ರ ತೊಂಬತ್ತರದ್ದು!”

2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ನಗರದ ಹೊಗೆಯ ಬಗ್ಗೆ ಕೆಂಗಣ್ಣು ಬಿಟ್ಟು, ಪೆಟ್ರೋಲ್ ಡೀಸೆಲ್ ಗಾಡಿಗಳನ್ನು ಹಂತಹಂತವಾಗಿ ನಿಲ್ಲಿಸಬಹುದೇ ಎಂದು ನೋಡಲು ರಾಜ್ಯ ಸರ್ಕಾರ ಸಮಿತಿ ಮಾಡಿದಾಗ, ಭಾವ ಒಂದು ವಾರ ಯಾರ ಜತೆಗೂ ಮಾತಾಡಲಿಲ್ಲ. ಎಂಟನೇ ದಿನ ನಾನೇ ಕೇಳಿದೆ. “ಸಮಿತಿ ತಾನೇ?” ಎಂದರು. ಮುಖದಲ್ಲಿ ಕಳೆ ಮರಳಿತ್ತು.

ನೀವು ಹಳೇ ಡೀಸೆಲ್ ಗಾಡಿ ನೋಡಲು ಹೊರಟಿದ್ದರೆ ನಿಮ್ಮ ಸೊಸೈಟಿಯ ಭಾವನನ್ನು ಖಂಡಿತ ಕರೆದುಕೊಂಡು ಹೋಗಿ. ಬೆಳಗ್ಗೆ ಏಳಕ್ಕೆ ಮೊದಲು, ಮಾಲೀಕನಿಗೆ ಹೊತ್ತು ಹೇಳದೆ ಹೋಗಿ. ಬಾನೆಟ್, ಮುಚ್ಚಳ, ಬೆಲ್ಟು, ಈ ಮೂರೂ ಅವರ ಕೈಯಲ್ಲಿ ಆಗಲಿ. ಎಪ್ಪತ್ತೈದೋ ತೊಂಬತ್ತೋ ಎಂಬ ಮಾತು ಶುರುವಾದ ಕೂಡಲೇ ನೀವು ಆರ್‌ಸಿ ಕೈಗೆತ್ತಿಕೊಂಡು ನೋಂದಣಿಯ ತಾರೀಕು ನೋಡಿ. ಹದಿನೈದು ವರ್ಷ ತುಂಬಲು ಎಷ್ಟು ಉಳಿದಿದೆ, ಆಮೇಲೆ ಫಿಟ್‌ನೆಸ್ಸಿಗೂ ಪರಿಸರ ತೆರಿಗೆಗೂ ಎಷ್ಟು ಬಿಚ್ಚಬೇಕು ಎಂಬುದು ಯಾವ ಟರ್ಬೊಗಿಂತಲೂ ಮುಖ್ಯ. ದಿನಾ ಸ್ಟೇಷನ್ನಿಗೆ ಹೋಗಿ ಬರುವಷ್ಟೇ ಓಡಾಟವಾದರೆ ಎರಡೂ ಬೇಡ, ಶೆಟ್ರು ಹೇಳಿದ್ದೇ ಸರಿ. ಆದರೆ ಅದನ್ನು ಭಾವನ ಎದುರು ಹೇಳಬೇಡಿ. ಚಹಾ, ವಡಾಪಾವಿನ ಖರ್ಚು ನಿಮ್ಮದು.