ಸೇನೆಯಲ್ಲಿ ಹೆಂಗಸರು: ಅಭಿಪ್ರಾಯ ಬಳಸುವ ಕ್ರಮ

ಬಳಕೆದಾರರ ಗಮನಕ್ಕೆ: ಈ ಅಭಿಪ್ರಾಯವನ್ನು ಹೊರಗೆ ತೆಗೆಯುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಪುರುಸೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ಓದದೇ ಬಳಸುವವರೇ ಹೆಚ್ಚು.

ಬೇಕಾಗುವ ಸಾಮಾನು: ಒಂದು ಬೈಟು ಕಾಫಿ, ಎದುರಿಗೆ ತಲೆಯಾಡಿಸುವ ಗೆಳೆಯ, ಗೋಡೆಯ ಮೇಲೆ ಸುದ್ದಿ ಚಾನೆಲ್ಲು. ಸೇನೆಯ ಅನುಭವ ಬೇಕಿಲ್ಲ. ಮಗ ಇಂಜಿನಿಯರಿಂಗ್ ಓದುತ್ತಿದ್ದರೆ ಇನ್ನೂ ಅನುಕೂಲ. ಅವನನ್ನು ಗಡಿಗೆ ಕಳಿಸುವ ಮಾತು ಯಾರೂ ಎತ್ತುವುದಿಲ್ಲ.

ಚಾಲೂ ಮಾಡುವ ಕ್ರಮ: ಮೊದಲು ಓಬವ್ವನಿಂದ ಶುರುಮಾಡಿ. ಅಬ್ಬಕ್ಕ, ಬೆಳವಡಿ ಮಲ್ಲಮ್ಮ, ಕಿತ್ತೂರು ಚೆನ್ನಮ್ಮ ಒಂದೇ ಉಸಿರಿನಲ್ಲಿ ಬಂದುಬಿಡಲಿ. 1824ರಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದದ್ದನ್ನು ಹೇಳುವಾಗ ದನಿ ಏರಲಿ. 'ನಮ್ಮ ಹೆಣ್ಣುಮಕ್ಕಳು ಏನು ಕಡಿಮೆ ಏನ್ರೀ?' ಎಂದು ಕೇಳಿ, ಒಂದು ಗುಟುಕು ಕುಡಿದು, 'ಆದರೆ' ಎನ್ನಿ. ಈ ಗುಂಡಿ ಒತ್ತದೆ ಯಂತ್ರ ನಡೆಯುವುದಿಲ್ಲ.

ಎಚ್ಚರಿಕೆ: ಕಿತ್ತೂರಿನವರು ಹತ್ತಿರದಲ್ಲಿದ್ದರೆ ಚೆನ್ನಮ್ಮನನ್ನು ಎತ್ತಬೇಡಿ. ಆ ಊರಿನಲ್ಲಿ ರಾಣಿಯ ಹೆಸರಿನಲ್ಲೇ ಹುಡುಗಿಯರ ಸೈನಿಕ ವಸತಿ ಶಾಲೆ 1969ರಿಂದ ಇದೆ. ಅಲ್ಲಿ ಸಮವಸ್ತ್ರ ತೊಟ್ಟು ಕವಾಯತು ಕಲಿತವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆಗೆ ಕೂರಬೇಕಾದರೆ 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಡಬೇಕಾಯಿತು. ಅರ್ಧ ಶತಮಾನ ಅವರಿಗೆ ರಾಣಿಯ ಹೆಸರು ಕೊಟ್ಟೆವು, ಅರ್ಜಿ ನಮೂನೆ ಕೊಡಲಿಲ್ಲ.

'ಆದರೆ' ಆದಮೇಲೆ ಏನು? ದೇಹಬಲ ಎನ್ನಿ. ಅದು ನಿಲ್ಲದಿದ್ದರೆ ಬಸಿರು ಬಾಣಂತನ. ಅದೂ ಸಾಲದಿದ್ದರೆ, ಶತ್ರುವಿನ ಕೈಗೆ ಸಿಕ್ಕರೆ ಗತಿಯೇನು ಎಂದು ನಿಟ್ಟುಸಿರು ಬಿಡಿ. ದೇಹಬಲದ ಪ್ರಶ್ನೆ ಸುಳ್ಳೇನಲ್ಲ, ಕಾಲಾಳು ಹೊರುವ ಹೊರೆ ನಿಜವಾದ ಹೊರೆಯೇ. ಹಾಗಾದರೆ ಅಳತೆಯೊಂದನ್ನು ಇಟ್ಟು, ದಾಟಿದವರನ್ನು ತೆಗೆದುಕೊಂಡರಾಯಿತು. ಆದರೆ ಹಾಗೆಂದರೆ ಚರ್ಚೆ ಐದು ನಿಮಿಷದಲ್ಲಿ ಮುಗಿದು ಕಾಫಿ ಉಳಿದುಬಿಡುತ್ತದೆ, ಆದ್ದರಿಂದ ಅನ್ನಬೇಡಿ.

ಎಲ್ಲಾ ಸೋತಾಗ ಕೊನೆಯ ಅಸ್ತ್ರ: 'ನನಗೇನೂ ತಕರಾರಿಲ್ಲಪ್ಪ, ಜವಾನರು ಒಪ್ಪಬೇಕಲ್ಲ?' ಇದು ನೀವು ಕಂಡುಹಿಡಿದದ್ದು ಎಂದು ಹಿಗ್ಗಬೇಡಿ. ಸೈನಿಕರು ಹೆಚ್ಚಾಗಿ ಹಳ್ಳಿಗಾಡಿನಿಂದ ಬಂದವರು, ಹೆಣ್ಣಿನ ಅಧಿಕಾರ ಒಪ್ಪಿಕೊಳ್ಳಲು ಅವರ ಮನಸ್ಸು ಇನ್ನೂ ಹದವಾಗಿಲ್ಲ ಎಂದು ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿನ ಮುಂದೆ ಹೇಳಿತ್ತು. 2020ರ ಫೆಬ್ರವರಿ 17ರಂದು ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ತಮ್ಮ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿದರು. ದಿಲ್ಲಿಯ ಸಂಕೋಚದ ಹೊಣೆಯೆಲ್ಲ ಪಾಪ ಹಳ್ಳಿಯವನ ತಲೆಗೆ! ಕರ್ನಾಟಕದ ಹಳ್ಳಿಯವನು 1987ರ ಮಂಡಲ ಪಂಚಾಯಿತಿ ಚುನಾವಣೆಯಿಂದಲೂ ಹೆಂಗಸರನ್ನು ಆರಿಸಿ ಕಳಿಸುತ್ತಿದ್ದಾನೆ. ಈಗ ಗ್ರಾಮ ಪಂಚಾಯಿತಿಯ ಅರ್ಧ ಸ್ಥಾನ ಅವರದೇ. (ಕೆಲವು ಕಡೆ ಕುರ್ಚಿಯಲ್ಲಿ ಗಂಡ ಕೂರುತ್ತಾನೆ, ನಿಜ. ಅವನೂ ಇದೇ ಕೈಪಿಡಿಯ ಗಿರಾಕಿ.)

ತೆರೆಯಬಾರದ ಭಾಗ: ಯಂತ್ರದ ಹಿಂಬದಿಯ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗೆ ಪಿಂಚಣಿ ಇದೆ.

ತೆಗೆದೇಬಿಟ್ಟಿರಾ? ಹಾಗಾದರೆ ಕೇಳಿ. ವೈದ್ಯಕೀಯ ಮತ್ತು ಶುಶ್ರೂಷೆ ವಿಭಾಗ ಬಿಟ್ಟು ಉಳಿದ ಕೆಲವು ಕಡೆ ಹೆಂಗಸರಿಗೆ ಸೇನೆಯ ಬಾಗಿಲು ತೆರೆದದ್ದು 1992ರಲ್ಲಿ, ಅದೂ ಐದು ವರ್ಷದ ಮಟ್ಟಿಗೆ. ಆಮೇಲೆ ಅದು ಹತ್ತಾಯಿತು, ಹದಿನಾಲ್ಕಾಯಿತು. ಅಧಿಕಾರಿಗೆ ಪಿಂಚಣಿ ಬರಬೇಕಾದರೆ ಇಪ್ಪತ್ತು ವರ್ಷ ಸೇವೆ ಬೇಕು. ಅಲ್ಪಾವಧಿಗೆ ಸೇರಿದ ಗಂಡಸು ಕಾಯಂ ಆಗಲು ಅರ್ಜಿ ಹಾಕಬಹುದಿತ್ತು. ಜೊತೆಯ ಹೆಂಗಸಿಗೆ ಹೆಚ್ಚಿನ ವಿಭಾಗಗಳಲ್ಲಿ ಆ ದಾರಿಯೇ ಇರಲಿಲ್ಲ. ಮೂವತ್ತೈದು ದಾಟಿದಮೇಲೆ ಪಿಂಚಣಿಯಿಲ್ಲದೆ ಮನೆಗೆ. ಸಿಯಾಚಿನ್, ಬಂದೂಕು ಎಂದು ನಾವು ಮೇಜು ಗುದ್ದುತ್ತಿದ್ದಾಗ ಕೋರ್ಟಿನಲ್ಲಿ ನಡೆಯುತ್ತಿದ್ದದ್ದು ಕಾಯಮಾತಿ, ಬಡ್ತಿ, ಪಿಂಚಣಿಯ ವ್ಯಾಜ್ಯ. ಹಂಗಾಮಿ ಮೇಷ್ಟ್ರೊಬ್ಬರು ಹೂಡುವಂಥದೇ. ದಿಲ್ಲಿ ಹೈಕೋರ್ಟು 2010ರಲ್ಲೇ ಕಾಯಮಾತಿ ಕೊಡಿ ಎಂದಿತ್ತು. ಸರ್ಕಾರ ಮೇಲ್ಮನವಿ ಹಾಕಿ ಹತ್ತು ವರ್ಷ ಕಳೆಯಿತು. ಸುಪ್ರೀಂ ಕೋರ್ಟೂ ಕೊಡಿ ಎಂದ 2020ರ ತೀರ್ಪಿನ ನಂತರ, ಗಂಡಸರನ್ನು ಹರೆಯದಲ್ಲಿ ಅಳೆಯುವ ದೇಹಕ್ಷಮತೆಯ ಮಾಪನವನ್ನೇ ಸೇನೆಯವರು ನಲವತ್ತು ದಾಟಿದ ಹೆಂಗಸರ ಮೇಲಿಟ್ಟರು. ಅದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು 2021ರ ಮಾರ್ಚ್ 25ರಂದು ಮತ್ತೊಮ್ಮೆ ಹೇಳಬೇಕಾಯಿತು. ಓಬವ್ವನನ್ನು ಹೊಗಳಲು ಖರ್ಚಿಲ್ಲ. ಪಿಂಚಣಿಗೆ ಖರ್ಚಿದೆ.

ಹಬ್ಬದ ದಿನಗಳ ಬಳಕೆ: 2025ರ ಮೇ 7ರಂದು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಆಪರೇಷನ್ ಸಿಂಧೂರದ ವಿವರ ಕೊಡಲು ಕ್ಯಾಮೆರಾ ಮುಂದೆ ಬಂದರಲ್ಲ, ಅಂಥ ದಿನ 'ಆದರೆ' ಗುಂಡಿಯನ್ನು ಬಂದ್ ಮಾಡಿ. ಯಾವ ಪಕ್ಷದವರಾದರೂ ಸರಿ, ಖುರೇಷಿಯವರ ಫೋಟೋ ಸ್ಟೇಟಸ್‌ಗೆ ಹಾಕಿ, 'ನಮ್ಮ ಬೆಳಗಾವಿ ಸೊಸೆ' ಎಂದು ಬರೆಯಿರಿ. ಕರ್ನಲ್ ಎಂಬುದು ಆಮೇಲೆ ಬಂದರೆ ಸಾಕು. ಇದೇ ಅಧಿಕಾರಿಯ ಹೆಸರು 2020ರ ಆ ತೀರ್ಪಿನಲ್ಲೇ ಇದೆ: 2016ರ ಬಹುರಾಷ್ಟ್ರೀಯ ಸೇನಾ ಕವಾಯತಿನಲ್ಲಿ ಭಾರತದ ತುಕಡಿಯನ್ನು ಮುನ್ನಡೆಸಿದ ಮೊದಲ ಮಹಿಳೆ ಎಂದು. ಆಗ ಯಾರ ಸ್ಟೇಟಸ್ಸೂ ಬದಲಾಗಿರಲಿಲ್ಲ. ಹಬ್ಬದ ಆಯಸ್ಸೂ ಕಡಿಮೆ. ವಾರದೊಳಗೆ ಮಧ್ಯಪ್ರದೇಶದ ಮಂತ್ರಿಯೊಬ್ಬರು ಅವರ ಧರ್ಮ ಹಿಡಿದು ಆಡಿದ ಮಾತಿಗೆ ಅಲ್ಲಿನ ಹೈಕೋರ್ಟು ತಾನಾಗಿಯೇ ಎಫ್‌ಐಆರ್‌ಗೆ ಆದೇಶಿಸಿತು.

ಈ ಯಂತ್ರದ ಬಿಡಿಭಾಗಗಳು, ಮುಖ್ಯವಾಗಿ 'ಆದರೆ' ಗುಂಡಿ, ಬೇರೆ ವಿಷಯಗಳಿಗೂ ಹೊಂದುತ್ತವೆ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ಎಂಬ 2023ರ ತಿದ್ದುಪಡಿಯನ್ನು ಹೆಚ್ಚುಕಡಿಮೆ ಎಲ್ಲ ಪಕ್ಷಗಳೂ ಬೆಂಬಲಿಸಿದವು. ಜನಗಣತಿ ಆದಮೇಲೆ, ಕ್ಷೇತ್ರ ಮರುವಿಂಗಡಣೆ ಆದಮೇಲೆ ಜಾರಿ ಎಂದು ಅದರಲ್ಲೇ ಬರೆದುಕೊಂಡರು.

ದೋಷ ಕಂಡುಬಂದರೆ: ಒಮ್ಮೊಮ್ಮೆ ಮನೆಯೊಳಗೇ ಯಂತ್ರ ಕೆಡುತ್ತದೆ. ಮಗಳು ಬಂದು, 'ಅಪ್ಪ, ಎನ್‌ಡಿಎಗೆ ಅರ್ಜಿ ಹಾಕ್ತಿದ್ದೀನಿ, ಫೋಟೋ ತೆಗೆಸ್ಬೇಕು' ಎನ್ನುತ್ತಾಳೆ. 'ಬ್ಯಾಂಕ್ ಪರೀಕ್ಷೆ ಬರೀಬಾರ್ದೇನಮ್ಮ?' ಎಂದು ನೋಡಿ. '2025ರ ಮೇನಲ್ಲಿ ಹದಿನೇಳು ಹುಡುಗೀರು ಪಾಸ್ ಆಗಿ ಹೊರಗೆ ಬಂದ್ರಲ್ಲಪ್ಪ' ಎಂದಳೋ, ಈ ಕೈಪಿಡಿಯಲ್ಲಿ ಅದಕ್ಕೆ ಉತ್ತರವಿಲ್ಲ. ಫೋಟೋ ತೆಗೆಸಿಕೊಡಿ.

ಕಾಲಾಳು, ಟ್ಯಾಂಕು, ಯಾಂತ್ರೀಕೃತ ಕಾಲಾಳು ದಳಗಳು ಹೆಂಗಸರಿಗೆ ತೆರೆಯಬೇಕೇ ಬೇಡವೇ ಎಂದು ವಾದಿಸುವುದು ಬೇಕಾದಷ್ಟಿದೆ, ವಾದಿಸಿ. ಅದಕ್ಕೆ ಮೊದಲು 2020ರ ತೀರ್ಪನ್ನೊಮ್ಮೆ ಓದಿ ಬನ್ನಿ. ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ.