ಫೈಲಿನ ಮಡಿ

ಆಫೀಸುಗಳಲ್ಲಿ ಅಕೌಂಟ್ಸ್ ವಿಭಾಗದವರಷ್ಟು ಮಡಿವಂತರು ಬೇರೆ ಯಾರೂ ಇಲ್ಲ. ಇಡೀ ಕಂಪನಿಯ ಸಂಬಳದ ಪಟ್ಟಿಯನ್ನು ಆಡಿಟರಿಗೆ ಕಳಿಸಬೇಕೆನ್ನಿ. ಎಕ್ಸೆಲ್ ಫೈಲನ್ನು ಜಿಪ್ ಮಾಡುತ್ತಾರೆ, ಅದಕ್ಕೊಂದು ಪಾಸ್‌ವರ್ಡ್ ಹಾಕುತ್ತಾರೆ, ಸಬ್ಜೆಕ್ಟಿನಲ್ಲಿ ‘ಕಾನ್ಫಿಡೆನ್ಷಿಯಲ್’ ಎಂದು ಬರೆದು ಮೂರು ಆಶ್ಚರ್ಯಸೂಚಕ ಚಿಹ್ನೆ ಇಡುತ್ತಾರೆ. ಇಷ್ಟೆಲ್ಲ ಆಚಾರ ಮುಗಿಸಿ ಮೇಲ್ ಕಳಿಸಿದ ಎರಡೇ ನಿಮಿಷಕ್ಕೆ ಅದೇ ವಿಳಾಸಕ್ಕೆ ಇನ್ನೊಂದು ಮೇಲ್ ಹೋಗುತ್ತದೆ: ‘ಮೇಲಿನ ಫೈಲಿನ ಪಾಸ್‌ವರ್ಡ್ ಹೀಗಿದೆ, ದಯವಿಟ್ಟು ಗಮನಿಸಿ.’ ಆ ಮೇಲ್‌ಬಾಕ್ಸಿನಲ್ಲಿ ಕಳ್ಳನೊಬ್ಬ ಕೂತಿದ್ದರೆ ಮೊದಲ ಮೇಲ್ ಮಾತ್ರ ಓದಿ, ಎರಡನೆಯದು ತನಗಲ್ಲವೆಂದು ಕಣ್ಣು ಮುಚ್ಚಿಕೊಳ್ಳುತ್ತಾನೆ ಎಂದು ಇವರ ನಂಬಿಕೆ!

ನಮ್ಮವರನ್ನೇ ಯಾಕೆ ಆಡಿಕೊಳ್ಳುವುದು ಅನ್ನಬೇಡಿ. ಜಪಾನಿನಲ್ಲಿ ಇದು ವರ್ಷಾನುಗಟ್ಟಲೆ ರಾಜಮರ್ಯಾದೆ ಪಡೆದಿತ್ತು. ಮೊದಲು ಜಿಪ್, ಹಿಂದೆಯೇ ಪಾಸ್‌ವರ್ಡ್ ಎನ್ನುವ ಈ ವಿಧಿಗೆ ಅಲ್ಲಿನವರು, ಆಗ ಜಗತ್ತನ್ನೆಲ್ಲ ಕುಣಿಸಿದ್ದ ಪೆನ್ನು-ಅನಾನಸು ಹಾಡಿನ ಹೆಸರನ್ನೇ ಇಟ್ಟು ‘ಪಿಪಿಎಪಿ’ ಎಂದು ಗೇಲಿ ಮಾಡಿದರು. ಕೊನೆಗೆ 2020ರ ನವೆಂಬರಿನಲ್ಲಿ ಡಿಜಿಟಲ್ ಸುಧಾರಣೆಯ ಮಂತ್ರಿ ತಾಕುಯಾ ಹಿರಾಯಿ, ಸರ್ಕಾರದ ಕೇಂದ್ರ ಕಚೇರಿಗಳಲ್ಲಿ ಇನ್ನು ಇದು ಬೇಡ ಎಂದು ಘೋಷಿಸಬೇಕಾಯಿತು. ಬೀಗ ಹಾಕಿದ ಜಿಪ್ಪಿನೊಳಗೆ ವೈರಸ್ ಇದ್ದರೆ ಆಂಟಿವೈರಸ್ಸಿಗೂ ಕಾಣುವುದಿಲ್ಲ. ಮಡಿಯ ನೆಪದಲ್ಲಿ ಮೈಲಿಗೆಯೇ ಒಳಗೆ ಬರುತ್ತಿತ್ತು.

ಇನ್ನು ನಮ್ಮ ಇ-ಆಧಾರ್. ಅದನ್ನು ಡೌನ್‌ಲೋಡ್ ಮಾಡಿದರೆ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ಇಸವಿ. ನಿಮ್ಮ ಹೆಸರನ್ನು ನಿಮಗಿಂತ ಹೆಚ್ಚು ಬಳಸುವವರು ಇತರರು, ಹುಟ್ಟಿದ ಇಸವಿ ಫೇಸ್‌ಬುಕ್ಕಿಗೆ ಗೊತ್ತು. ಹೀಗೆ ಊರಿಗೆಲ್ಲ ತಿಳಿದ ಗುಟ್ಟಿನ ಬೀಗ ಹಾಕಿದ ಫೈಲನ್ನು ನಾವು ಬಾಡಿಗೆ ಮನೆಯ ಬ್ರೋಕರಿಗೆ, ಜೆರಾಕ್ಸ್ ಅಂಗಡಿಯವನಿಗೆ, ಲಾಡ್ಜಿನ ಕೌಂಟರಿಗೆ ವಾಟ್ಸ್ಯಾಪ್ ಮಾಡುತ್ತೇವೆ. ವಾಟ್ಸ್ಯಾಪಿನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆಯಲ್ಲ ಸ್ವಾಮಿ, ಎನ್ನುತ್ತೀರಿ. ಇದೆ, ನಿಜ. ಅದು ದಾರಿಯಲ್ಲಿ ಕಾಯುತ್ತದೆ. ತಲುಪಿದ ಮೇಲೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ನೀವು, ನಿಮ್ಮ ಓನರು, ಮುಂದಿನ ಬೀದಿಯ ಹತ್ತು ಜನ, ಎಲ್ಲರೂ ಸಾಲಾಗಿ ಮಲಗಿರುತ್ತೀರಿ.

ಈ ಬಗ್ಗೆ ಎಚ್ಚರಿಸಿದವರೂ ಇದ್ದಾರೆ. 2022ರ ಮೇ 27ರಂದು, ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ಹೌಹಾರಿದರು. ಎರಡು ದಿನಕ್ಕೆ ದೆಹಲಿ ಆ ಪ್ರಕಟಣೆಯನ್ನು ವಾಪಸ್ ಪಡೆದು, ಎಂದಿನ ಎಚ್ಚರಿಕೆ ಸಾಕು ಎಂದಿತು. ಆ ಎಂದಿನ ಎಚ್ಚರಿಕೆ ಯಾವುದೆಂದು ಮೇಲೆ ವಿವರಿಸಿದ್ದೇನೆ.

ಫೈಲ್ ಕಳಿಸುವ ವಿದ್ಯೆಗೆ ಮೊದಲ ನಿಯಮ ಬರೆದವರು ನಮ್ಮ ದೇಶದವರೇ ಎಂಬ ಹೆಮ್ಮೆಯನ್ನೂ ಇಲ್ಲೇ ಪಟ್ಟುಬಿಡೋಣ. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್ 1971ರಲ್ಲಿ ಎಫ್‌ಟಿಪಿ ಎಂಬ ಆ ನಿಯಮಾವಳಿಯ ಮೊದಲ ಕರಡು ಬರೆದರು. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳು ಕೆಲವೇ ಕೆಲವು, ಎಲ್ಲರೂ ಪರಿಚಯದವರು. ಹಾಗಾಗಿ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಮರೆಯಿಲ್ಲದೆ ಹಾಗೇ ಹರಿಯುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕೂತು ಹಾದುಹೋಗುವ ಪಾಸ್‌ವರ್ಡುಗಳನ್ನೆಲ್ಲ ಬಾಚಿಕೊಂಡಾಗ, ಅಲ್ಲಿನ ಸಂಶೋಧಕ ತಾತು ಯಲೊನೆನ್, ಸಾಗುವ ಮಾಹಿತಿಗೆ ಬೀಗ ಹಾಕುವ ಎಸ್ಎಸ್ಎಚ್ ಬರೆದರು. ಇವತ್ತು ಬ್ಯಾಂಕುಗಳು ನಂಬುವ ಎಸ್ಎಫ್‌ಟಿಪಿ ಅದರ ಹೆಗಲ ಮೇಲೆ ಕೂತಿದೆ. ಆದರೂ ಹಳೆಯ ಎಫ್‌ಟಿಪಿ ಸರ್ವರನ್ನು ‘ಅದು ಓಡ್ತಾ ಇದೆ, ಮುಟ್ಟಬೇಡಿ’ ಎಂದು ಕಾಪಾಡಿಕೊಂಡು ಬಂದ ಕಾರ್ಖಾನೆಗಳು ಇನ್ನೂ ಇವೆ.

ಇಷ್ಟಾದರೂ ಬೀಗ ಎಷ್ಟೇ ಗಟ್ಟಿಯಿರಲಿ, ಕಳಿಸುವವರ ಬುದ್ಧಿಗೆ ಬೀಗವಿಲ್ಲ. 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ ಎರಡು ಸಿಡಿಗಳನ್ನು ಲೆಕ್ಕ ಪರಿಶೋಧಕರಿಗೆ ಕಳಿಸಿತು. ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಸುಮಾರು 2.5 ಕೋಟಿ ಜನರ ಹೆಸರು, ವಿಳಾಸ, ಬ್ಯಾಂಕ್ ಖಾತೆ, ಎಲ್ಲ ಅದರಲ್ಲಿ. ಪಾಸ್‌ವರ್ಡ್ ಇತ್ತು, ಎನ್‌ಕ್ರಿಪ್ಶನ್ ಇರಲಿಲ್ಲ. ರಿಜಿಸ್ಟರ್ ಕೂಡ ಮಾಡದೆ ಇಲಾಖೆಯ ಮಾಮೂಲಿ ಒಳಟಪಾಲಿನಲ್ಲಿ ಹಾಕಿದರು. ತಲುಪಲಿಲ್ಲ. ಆಗ ಇನ್ನೊಂದು ಪ್ರತಿ ಮಾಡಿ ಈ ಸಲ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಅದು ತಲುಪಿತು! ಮೊದಲಿನವು ಇವತ್ತಿಗೂ ಸಿಕ್ಕಿಲ್ಲ, ಇಲಾಖೆಯ ಅಧ್ಯಕ್ಷರು ಮನೆಗೆ ಹೋದರು. ಇದರಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಬೇರೆಯಿದೆ. ಬ್ಯಾಂಕ್ ವಿವರ ನಮಗೆ ಬೇಡ, ತೆಗೆದು ಕೊಡಿ ಎಂದು ಪರಿಶೋಧಕರೇ ಕೇಳಿದ್ದರು. ತೆಗೆಯಲು ಖರ್ಚಾಗುತ್ತದೆ ಎಂದು ಇಲಾಖೆ ಅಷ್ಟನ್ನೂ ಕಟ್ಟಿ ಕಳಿಸಿತು.

ಹಾಗಾದರೆ ದುಡ್ಡು ಕೊಟ್ಟು ಒಳ್ಳೆಯ ಸಾಫ್ಟ್‌ವೇರ್ ತಂದರೆ ಮುಗಿಯಿತಲ್ಲ? ಮುಗಿಯಲಿಲ್ಲ. ಸುರಕ್ಷಿತವಾಗಿ ಫೈಲ್ ಸಾಗಿಸುವುದೇ ಕಸುಬಾಗಿದ್ದ ‘ಮೂವಿಟ್’ ಎಂಬ ಸಾಫ್ಟ್‌ವೇರಿನ ತೂತೊಂದನ್ನು 2023ರ ಮೇ ಕೊನೆಯಲ್ಲಿ ‘ಕ್ಲಾಪ್’ ಎಂಬ ಗುಂಪು ಹಿಡಿಯಿತು. ಬಿಬಿಸಿ, ಬ್ರಿಟಿಷ್ ಏರ್‌ವೇಸ್‌ನಂಥವರ ನೌಕರರ ವಿವರಗಳು, ಅವರ ಸಂಬಳದ ಲೆಕ್ಕ ನೋಡುತ್ತಿದ್ದ ಕಂಪನಿಯ ಮೂಲಕ ಬಯಲಾದವು. ಕಳ್ಳರು ಸಾಗುತ್ತಿದ್ದ ಫೈಲಿನ ಹಿಂದೆ ಓಡಲಿಲ್ಲ. ಸರ್ವರಿನಲ್ಲಿ ಬಿದ್ದಿದ್ದ ಫೈಲುಗಳನ್ನು ಎತ್ತಿಕೊಂಡು ಹೋದರು, ಅಷ್ಟೆ. ತಲುಪಿದ ಮೇಲೆ ಅಳಿಸಿದ್ದ ಫೈಲನ್ನು ಯಾರೂ ಕದಿಯಲಾರರು.

ಈಗ ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಜನರ ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ‘ಪಾಸ್‌ವರ್ಡ್ ಮುಂದಿನ ಮೇಲ್‌ನಲ್ಲಿ’ ಎನ್ನುವ ಸಾಲು ಆಗ ಸಮರ್ಥನೆಯಾಗಿ ನಿಲ್ಲುವುದು ಕಷ್ಟ.

ಅಕೌಂಟ್ಸ್‌ನವರೇ, ಎಚ್‌ಆರ್‌ನವರೇ, ಪುಣ್ಯ ಕಟ್ಟಿಕೊಳ್ಳಿ. ಅಟ್ಯಾಚ್ ಗುಂಡಿ ಒತ್ತುವ ಮೊದಲು ಕೇಳಿದ್ದೆಷ್ಟೋ ಅಷ್ಟು ಕಾಲಂ ಮಾತ್ರ ಇಟ್ಟು ಉಳಿದದ್ದನ್ನು ಅಳಿಸಿ. ಲಿಂಕ್ ಕೊಟ್ಟರೆ ‘ಲಿಂಕ್ ಇರುವ ಯಾರಾದರೂ’ ಎಂಬುದನ್ನು ಬಿಟ್ಟು ಹೆಸರು ಹಾಕಿ ಕೊಡಿ, ವಾರದಲ್ಲಿ ಮುಗಿಯುವಂತೆ ಅವಧಿ ಇಡಿ. ಪಾಸ್‌ವರ್ಡನ್ನು ಫೋನ್ ಮಾಡಿ ಬಾಯಲ್ಲಿ ಹೇಳಿ. ಫೈಲ್ ತಲುಪಿದೆ ಎಂದು ಉತ್ತರ ಬಂದ ದಿನವೇ ನಿಮ್ಮ ಪ್ರತಿಯನ್ನೂ ಅವರ ಪ್ರತಿಯನ್ನೂ ಇಟ್ಟುಕೊಳ್ಳಲೇಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ಬೇಡದ್ದನ್ನು ಕಳಿಸದಿರುವುದೇ ಇರುವುದರಲ್ಲಿ ಭದ್ರವಾದ ಎನ್‌ಕ್ರಿಪ್ಶನ್, ಮತ್ತು ಅದಕ್ಕೆ ಲೈಸೆನ್ಸ್ ಫೀ ಇಲ್ಲ.